ಆಫೀಸಿಗೂ ಸೈಟಿಗೂ ಒಂದೇ ಜೊತೆ ಶೂ ಸಾಕೇ?

ಪ್ರಶ್ನೆ: ಬೆಂಗಳೂರಿನಲ್ಲಿ ಫ್ಲಾಟು, ಸೈಟು ತೋರಿಸುವ ಕೆಲಸ ನನ್ನದು. ಬೆಳಿಗ್ಗೆ ಆಫೀಸು, ಮಧ್ಯಾಹ್ನ ದೇವನಹಳ್ಳಿ ಕಡೆಯ ಲೇಔಟು, ಸಂಜೆ ಯಾರದೋ ಮನೆಯಲ್ಲಿ ಮಾತುಕತೆ. ಹೀಲ್ಸ್ ಹಾಕಿದರೆ ಮಣ್ಣಿನಲ್ಲಿ ಹೂತುಹೋಗುತ್ತದೆ, ಸ್ಪೋರ್ಟ್ಸ್ ಶೂ ಹಾಕಿದರೆ ಗಿರಾಕಿಗಳ ಮುಂದೆ ಸರಿಕಾಣುವುದಿಲ್ಲ. ಎಲ್ಲಕ್ಕೂ ಒದಗುವ ಒಂದು ಜೊತೆ ಇದೆಯೇ?

ಉತ್ತರ: ಮುಕ್ಕಾಲು ಪಾಲು ಕೆಲಸಕ್ಕೆ ಇದೆ. ಇನ್ನೂ ಕಟ್ಟುತ್ತಿರುವ ಕಟ್ಟಡದೊಳಗೆ ಹೋಗುವ ದಿನಕ್ಕೆ ಮಾತ್ರ ಎರಡನೆಯದು ಬೇಕೇ ಬೇಕು.

ಅಂಗಡಿಯಲ್ಲಿ ನಿಂತಾಗ ಮರೆತುಹೋಗುವ ಸಂಗತಿಯೊಂದಿದೆ. ಈ ಕೆಲಸದಲ್ಲಿ ಶೂ ಹಾಕಿ ನಡೆಯುವುದು ಎಷ್ಟೋ, ಕಳಚುವುದೂ ಅಷ್ಟೇ. ಮಾಡೆಲ್ ಫ್ಲಾಟು, ಜನ ವಾಸವಿರುವ ಹಳೆಯ ಮನೆ, ಭೂಮಿಪೂಜೆ, ಎಲ್ಲ ಕಡೆಯೂ ಹೊಸ್ತಿಲ ಹೊರಗೇ ಬಿಡಬೇಕು. ಲೇಸು, ಬಕಲ್ಲು ಇದ್ದರೆ ಗಿರಾಕಿ ಅಡುಗೆಮನೆ ನೋಡಿ ಮುಗಿಸಿದರೂ ನೀವಿನ್ನೂ ಬಾಗಿಲಲ್ಲಿ ಬಗ್ಗಿಯೇ ಇರುತ್ತೀರಿ. ಆದ್ದರಿಂದ ಮೊದಲ ಆಯ್ಕೆ ಲೇಸಿಲ್ಲದೆ ಕಾಲು ತೂರಿಸುವ ಲೋಫರ್, ಅದರಲ್ಲೂ ಪಕ್ಕದಲ್ಲಿ ಎಲಾಸ್ಟಿಕ್ ಇರುವಂಥದು. ಹಿಂಬದಿ ತೆರೆದ ಮ್ಯೂಲ್ ಕಳಚಲು ಇನ್ನೂ ಸುಲಭ, ಆದರೆ ಮೆಟ್ಟಿಲಿಳಿಯುವಾಗ ಹಿಮ್ಮಡಿ ಆಚೀಚೆ ಸರಿಯುತ್ತದೆ. ಕಂಬಿ ಕೂರಿಸದ ಮೆಟ್ಟಿಲ ಮೇಲೆ ಅದು ಬೇಡವೇ ಬೇಡ.

ಹಿಮ್ಮಡಿ 2.5ರಿಂದ 3.5 ಸೆಂ.ಮೀ. ಎತ್ತರದ ಬ್ಲಾಕ್ ಹೀಲ್ ಇರಲಿ, ನೆಲಕ್ಕೆ ತಾಗುವ ಭಾಗ ಕನಿಷ್ಠ 3 ಸೆಂ.ಮೀ. ಅಗಲವಿರಲಿ. ಪೆನ್ಸಿಲ್ ಹೀಲಿನಲ್ಲಿ ಮೈಭಾರವೆಲ್ಲ ಬೆರಳ ತುದಿಯಷ್ಟು ಜಾಗಕ್ಕೆ ಬೀಳುವುದರಿಂದ ಹೊಸದಾಗಿ ತುಂಬಿಸಿದ ಮಣ್ಣಿನಲ್ಲಿ ಅದು ಮೊಳೆಯಂತೆ ಇಳಿಯುತ್ತದೆ, ಚರಂಡಿಯ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಾಗೆಂದು ಕಾಗದದಂಥ ಅಟ್ಟೆಯ ಬ್ಯಾಲೆ ಫ್ಲಾಟಿಗೂ ಹೋಗಬೇಡಿ. ಜಲ್ಲಿ ಹಾಸಿದ ದಾರಿಯಲ್ಲಿ ಒಂದೊಂದು ಕಲ್ಲೂ ಅಂಗಾಲಿಗೆ ಚುಚ್ಚುತ್ತದೆ.

ಅಟ್ಟೆ ರಬ್ಬರ್ ಅಥವಾ ಟಿಪಿಆರ್‌ನದಾಗಿರಲಿ (ಟಿಪಿಆರ್ ಎಂದರೆ ರಬ್ಬರಿನಂತೆ ಬಾಗುವ ಥರ್ಮೋಪ್ಲಾಸ್ಟಿಕ್ ರಬ್ಬರ್). ನೀರು ಬಿದ್ದ ವಿಟ್ರಿಫೈಡ್ ಟೈಲ್ಸ್ ಮೇಲೆ ಗಟ್ಟಿ ಪಿವಿಸಿ ಅಟ್ಟೆ, ನುಣುಪಾದ ಚರ್ಮದ ಅಟ್ಟೆ ಎರಡೂ ಜಾರುತ್ತವೆ. ಉಗುರಿನಿಂದ ಒತ್ತಿ ನೋಡಿ: ಸ್ವಲ್ಪವೂ ತಗ್ಗದೆ ಪ್ಲಾಸ್ಟಿಕ್ಕಿನಂತೆ ಟಕ್ ಎಂದರೆ ಬಿಟ್ಟುಬಿಡಿ. ಗೀರುಗಳು 2–3 ಮಿ.ಮೀ. ಆಳವಿದ್ದರೆ ಸಾಕು. ಅದಕ್ಕಿಂತ ಆಳವಾದರೆ ಮಳೆಗಾಲದ ಕೆಮ್ಮಣ್ಣು ಅಂಟಿಕೊಂಡು ಆಫೀಸಿನ ಲಿಫ್ಟಿನವರೆಗೂ ಬರುತ್ತದೆ.

ಬಣ್ಣದ ವಿಷಯದಲ್ಲಿ ಕಪ್ಪೇ ಗಂಭೀರ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಕೆಂಧೂಳು ಕಪ್ಪಿನ ಮೇಲೆ ಎದ್ದು ಕಾಣುತ್ತದೆ, ಕಂದಿನ ಮೇಲೆ ಅಡಗುತ್ತದೆ. ಮಖಮಲ್ಲಿನಂತೆ ನವಿರಾದ ಸ್ವೇಡ್ ಚರ್ಮ ಎಷ್ಟೇ ಚೆಂದ ಕಂಡರೂ ಬೇಡ, ಕೆಸರಿನ ಕಲೆ ಸುಲಭಕ್ಕೆ ಹೋಗುವುದಿಲ್ಲ. ಕೊಳ್ಳುವುದು ಸಂಜೆ, ಕಾಲು ತುಸು ಊದಿಕೊಂಡ ಹೊತ್ತಿನಲ್ಲಿ. ಉದ್ದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗ ಉಳಿಯಬೇಕು.

ಈಗ ಎರಡನೆಯ ಜೊತೆ. ಕಾಂಕ್ರೀಟು ಸುರಿಯಲು ಕಟ್ಟಿದ ಅಚ್ಚನ್ನು, ಅಂದರೆ ಸೆಂಟ್ರಿಂಗನ್ನು, ಬಿಚ್ಚಿದ ಹಲಗೆಗಳಲ್ಲಿ ಮೊಳೆ ಮೇಲ್ಮುಖವಾಗಿ ನಿಂತಿರುತ್ತದೆ. ಸ್ಪೋರ್ಟ್ಸ್ ಶೂನ ಮೆತ್ತನೆಯ ಅಟ್ಟೆಯನ್ನು ಅದು ಸಲೀಸಾಗಿ ದಾಟುತ್ತದೆ. ಇಲ್ಲಿ ಬೇಕಾದದ್ದು ಭಾರತೀಯ ಮಾನಕ ಐಎಸ್ 15298ರ 2ನೇ ಭಾಗದ ಗುರುತಿರುವ ಸೇಫ್ಟಿ ಶೂ. ಅದರ ಬೆರಳಕವಚ 200 ಜೂಲ್ ಹೊಡೆತ ತಡೆಯುವಂತಿರಬೇಕು. ಆದರೆ ಬೆರಳಕವಚ ಇದ್ದಮಾತ್ರಕ್ಕೆ ಅಟ್ಟೆಯೊಳಗೆ ಮೊಳೆ ತಡೆಯುವ ಪದರವೂ ಇದೆ ಎಂದುಕೊಳ್ಳಬೇಡಿ. ಎಸ್1ಪಿ ಅಥವಾ ಎಸ್3 ಎಂದು ಬರೆದಿದೆಯೇ ನೋಡಿ. ಸಣ್ಣ ಪಾದದವರು ಗಂಡಸರ ದೊಡ್ಡ ಅಳತೆಗೆ ಎರಡು ಜೊತೆ ಸಾಕ್ಸ್ ತುರುಕಿ ಸುಧಾರಿಸುವುದುಂಟು. ಕಬ್ಬಿಣದ ಸರಳುಗಳ ನಡುವೆ ಎಡವುವುದು ಹಾಗೆಯೇ. 3, 4ರ ಅಳತೆಯಲ್ಲಿ ಹೆಂಗಸರಿಗೆಂದೇ ಮಾಡಿದವು ಸಿಗುತ್ತವೆ, ಹುಡುಕಿ ತರಿಸಿ.

ಸೀರೆ ಅಥವಾ ಪಲಾಜೊ ಉಡುವವರಿಗೆ ಇನ್ನೊಂದು ಮಾತು. ಎರಡೂ ಜೊತೆಯ ಹಿಮ್ಮಡಿ ಎತ್ತರದಲ್ಲಿ 1 ಸೆಂ.ಮೀ.ಗಿಂತ ಹೆಚ್ಚು ಅಂತರವಿರಬಾರದು. ಎತ್ತರದ ಹೀಲಿಗೆ ಸರಿಯಾಗಿ ಉಟ್ಟ ಸೀರೆ, ತಗ್ಗಿನ ಶೂಗೆ ಬದಲಾಯಿಸಿದ ಕೂಡಲೇ ನೆಲ ಗುಡಿಸುತ್ತದೆ.

ನೆನೆದ ಚರ್ಮದ ಶೂವನ್ನು ಬಿಸಿಲಿಗೋ ಹೇರ್ ಡ್ರೈಯರ್‌ಗೋ ಹಿಡಿದರೆ ಬಿರಿಯುತ್ತದೆ. ಒಳಗೆ ನ್ಯೂಸ್‌ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸುತ್ತಾ ನೆರಳಲ್ಲಿಡಿ. ಕಾರಿನ ಡಿಕ್ಕಿಯಲ್ಲಿ ಬಿದ್ದಿರುವ ಸೇಫ್ಟಿ ಶೂಗೆ ಬೇರೆಯದೇ ರೋಗ: ಪಿಯು (ಪಾಲಿಯುರೆಥೇನ್) ಅಟ್ಟೆ ಬಳಸದಿದ್ದರೂ ಗಾಳಿಯ ತೇವಕ್ಕೆ, ಶಾಖಕ್ಕೆ ಒಳಗೊಳಗೇ ಸವೆದು, ಮೂರ್ನಾಲ್ಕು ವರ್ಷದ ಮೇಲೆ ಒಂದು ದಿನ ರಸ್ಕಿನಂತೆ ಪುಡಿಯಾಗುತ್ತದೆ. ತಿಂಗಳಿಗೊಮ್ಮೆ ಹೊರತೆಗೆದು ಬಾಗಿಸಿ ನೋಡಿ. ಅಂಚಿನಲ್ಲಿ ಕೂದಲೆಳೆಯ ಬಿರುಕು ಕಂಡರೆ ಅದನ್ನು ಅಂಟಿಸಲು ಹೋಗದೆ ಹೊಸದು ಕೊಳ್ಳಿ.