ಲ್ಯಾಪ್‌ಟಾಪ್‌ನ ವೈಫೈಯನ್ನು ಕೇಬಲ್ ಹಾಕಿ ಡೆಸ್ಕ್‌ಟಾಪ್‌ಗೆ ಕೊಡಬಹುದಾ?

ಪ್ರಶ್ನೆ: ಕಾಪುವಿನಲ್ಲಿ ನಮ್ಮದು ಹಳೆ ಕೆಂಪುಕಲ್ಲಿನ ಮನೆ. ರೂಟರ್ ಮಹಡಿಯಲ್ಲಿ ಉಂಟು. ಕೆಳಗೆ ಅಪ್ಪನ ಡೆಸ್ಕ್‌ಟಾಪ್, ಅದಕ್ಕೆ ವೈಫೈ ಇಲ್ಲ. ನನ್ನ ಲ್ಯಾಪ್‌ಟಾಪ್‌ಗೆ ಅಲ್ಲಿ ಸಿಗ್ನಲ್ ಸಿಗ್ತದೆ. ಎರಡಕ್ಕೂ ಒಂದು ಲ್ಯಾನ್ ಕೇಬಲ್ ಚುಚ್ಚಿದೆ, ನೆಟ್ ಬರಲಿಲ್ಲ. ಅಂಗಡಿಯಲ್ಲಿ ಕ್ರಾಸ್ ಕೇಬಲ್ ಬೇಕು ಅಂದರು. ಹೌದಾ?

ಬೇಡ ಮಾರಾಯ್ರೆ, ಇನ್ನೊಂದು ಕೇಬಲ್‌ಗೆ ದುಡ್ಡು ಹಾಕಬೇಡಿ. ಹಿಂದೆ ಎರಡು ಕಂಪ್ಯೂಟರ್‌ಗಳನ್ನು ನೇರ ಜೋಡಿಸುವಾಗ ಅದು ಬೇಕಿತ್ತು ನಿಜ. ಎರಡೂ ಕಡೆ ಮಾತಾಡುವ ತಂತಿ ಒಂದೇ, ಕೇಳುವ ತಂತಿಯೂ ಒಂದೇ. ಹಾಗಾಗಿ ಒಂದು ತುದಿಯಲ್ಲಿ ತಂತಿಗಳನ್ನು ಅದಲು ಬದಲು ಮಾಡಿದ ಕೇಬಲ್ ಹಾಕುತ್ತಿದ್ದರು. ಈಗಿನ ಗಿಗಾಬಿಟ್ ಪೋರ್ಟ್‌ಗಳು ಆ ಅದಲು ಬದಲನ್ನು ತಾವೇ ಮಾಡಿಕೊಳ್ಳುತ್ತವೆ. ಎರಡರಲ್ಲಿ ಒಂದಕ್ಕೆ ಆ ಬುದ್ಧಿ ಇದ್ದರೂ ಸಾಕು. ಕೇಬಲ್ ಚುಚ್ಚಿದಾಗ ಪೋರ್ಟ್ ಪಕ್ಕದ ಸಣ್ಣ ದೀಪ ಹೊತ್ತಿದರೆ ಕೇಬಲ್ ಸರಿ ಇದೆ ಅಂತಲೇ ಲೆಕ್ಕ.

ನೆಟ್ ಬರದಿದ್ದಕ್ಕೆ ಕಾರಣ ಬೇರೆ. ವೈಫೈಯಲ್ಲಿ ಬಂದದ್ದನ್ನು ಲ್ಯಾಪ್‌ಟಾಪ್ ತಾನಾಗಿ ಇನ್ನೊಬ್ಬರಿಗೆ ಹಂಚುವುದಿಲ್ಲ. ಹಂಚು ಅಂತ ನಾವು ಹೇಳಬೇಕು. ಈ ಸೌಲಭ್ಯ ವಿಂಡೋಸ್‌ನಲ್ಲಿ 1999ರ ವಿಂಡೋಸ್ 98 ಸೆಕೆಂಡ್ ಎಡಿಷನ್‌ನಿಂದಲೇ ಇದೆ. ಆದರೆ ಎಷ್ಟು ಒಳಗೆ ಬಚ್ಚಿಟ್ಟಿದ್ದಾರೆ ಅಂದರೆ, ಹುಡುಕುವುದೇ ಒಂದು ಕೆಲಸ.

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಕೀ ಜೊತೆ ಆರ್ ಒತ್ತಿ. ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷ್‌ನಲ್ಲಿ ಎನ್‌ಸಿಪಿಎ, ಒಂದು ಚುಕ್ಕಿ, ಸಿಪಿಎಲ್ ಅಂತ ಟೈಪ್ ಮಾಡಿ ಎಂಟರ್ ಕೊಡಿ. ಅಲ್ಲಿ ವೈಫೈ, ಈಥರ್‌ನೆಟ್ (ಅಂದರೆ ಲ್ಯಾನ್ ಕೇಬಲ್‌ನ ಪೋರ್ಟ್) ಎರಡೂ ಕಾಣುತ್ತವೆ. ವೈಫೈ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್ ಟ್ಯಾಬ್. ಮೊದಲ ಚೌಕಕ್ಕೆ ಟಿಕ್ ಹಾಕಿ. ಕೆಳಗೆ ಪಟ್ಟಿ ಕಾಣಿಸಿದರೆ ಈಥರ್‌ನೆಟ್ ಆರಿಸಿ ಓಕೆ ಕೊಡಿ. ಜಾಸ್ತಿ ಜನ ಎಡವುವುದು ಇಲ್ಲೇ: ಕೇಬಲ್ ಹಾಕಿದ್ದು ಈಥರ್‌ನೆಟ್‌ಗೆ ಅಲ್ವಾ ಅಂತ ಅದರ ಪ್ರಾಪರ್ಟೀಸ್‌ಗೆ ಹೋಗಿ ಟಿಕ್ ಹಾಕುತ್ತಾರೆ. ನೆಟ್ ಎಲ್ಲಿಂದ ಬರುತ್ತದೋ ಅಲ್ಲಿ ಹಾಕಬೇಕು, ಎಲ್ಲಿಗೆ ಹೋಗುತ್ತದೋ ಅಲ್ಲಿ ಅಲ್ಲ.

ಈಗ ಲ್ಯಾಪ್‌ಟಾಪ್ ಒಂದು ಪುಟ್ಟ ರೂಟರ್ ಆಯಿತು. ತನ್ನ ಕೇಬಲ್ ಬದಿಗೆ 192.168.137.1 ಅಂತ ವಿಳಾಸ ಇಟ್ಟುಕೊಂಡು, ಡೆಸ್ಕ್‌ಟಾಪ್‌ಗೂ ಅದೇ ಸಾಲಿನ ಒಂದು ನಂಬರ್ ಕೊಡುತ್ತದೆ. ಮಹಡಿಯ ರೂಟರ್‌ಗೆ ಡೆಸ್ಕ್‌ಟಾಪ್ ಇರುವುದೇ ಗೊತ್ತಾಗುವುದಿಲ್ಲ. ಅಪ್ಪ ತೆರೆದ ಪುಟವೂ ನೀವು ತೆರೆದ ಪುಟವೂ ಅದಕ್ಕೆ ಒಂದೇ ಲೆಕ್ಕ.

ಡೆಸ್ಕ್‌ಟಾಪ್‌ನಲ್ಲಿ ಏನೂ ಮಾಡಬೇಕಾಗಿಲ್ಲ ಅಂತ ಬರೆಯಬೇಕು ಅಂದುಕೊಂಡೆ. ಆದರೆ ಒಮ್ಮೆ ಉಡುಪಿಯಲ್ಲಿ ಅಕ್ಕನ ಮನೆಯಲ್ಲಿ ಇದೇ ಕೆಲಸಕ್ಕೆ ಕೂತು ಒಂದೂವರೆ ಗಂಟೆ ಕಳೆದಿದ್ದೆ. ದೀಪ ಮಿನುಗುತ್ತಿದೆ, ಟಿಕ್ ಹಾಕಿದ್ದೇನೆ, ನೆಟ್ ಮಾತ್ರ ಇಲ್ಲ. ಅಕ್ಕ ಎರಡನೇ ಸಲ ಚಹಾ ತಂದಿಟ್ಟು, "ನಿನಗೆ ಇದು ಗೊತ್ತುಂಟಾ ನಿಜವಾಗಿ?" ಅಂದಳು. ಕೊನೆಗೆ ನೋಡಿದರೆ, ವರ್ಷಗಳ ಹಿಂದೆ ನೆಟ್ ಹಾಕಲು ಬಂದವರು ಆ ಡೆಸ್ಕ್‌ಟಾಪ್‌ಗೆ ಒಂದು ಐಪಿ ನಂಬರನ್ನು, ಅಂದರೆ ಮೇಲೆ ಹೇಳಿದಂಥ ವಿಳಾಸವನ್ನು, ಕೈಯಲ್ಲೇ ಬರೆದಿಟ್ಟು ಹೋಗಿದ್ದರು. ಹಾಗಾಗಿ ನೀವೂ ಡೆಸ್ಕ್‌ಟಾಪ್‌ನ ಈಥರ್‌ನೆಟ್ ಪ್ರಾಪರ್ಟೀಸ್‌ನಲ್ಲಿ ಐಪಿ ವರ್ಷನ್ 4 ತೆರೆದು, ಐಪಿ, ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವುದು) ಎರಡೂ ತಾನಾಗಿ ಪಡೆಯುವಂತೆ ಇದೆಯಾ ನೋಡಿ. ಡೆಸ್ಕ್‌ಟಾಪ್‌ನ ವಿಳಾಸ 169.254ರಿಂದ ಶುರುವಾದರೆ ಲ್ಯಾಪ್‌ಟಾಪ್ ಅದಕ್ಕೆ ನಂಬರ್ ಕೊಟ್ಟಿಲ್ಲ ಅಂತ ಅರ್ಥ. ಶೇರಿಂಗ್ ಟಿಕ್ ತೆಗೆದು ಮತ್ತೆ ಹಾಕಿ. ನಂಬರ್ ಸರಿಯಾಗಿ ಬಂದೂ ಪುಟ ತೆರೆಯದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಆಫೀಸಿನ ವಿಪಿಎನ್ (ಆಫೀಸಿನ ಜಾಲಕ್ಕೆ ಸೇರಿಸುವ ಖಾಸಗಿ ದಾರಿ) ಓಡುತ್ತಿದೆಯಾ ಅಂತ ನೋಡಿ.

ಇನ್ನೊಂದು ತಲೆನೋವು ಉಂಟು. ಲ್ಯಾಪ್‌ಟಾಪ್ ರೀಸ್ಟಾರ್ಟ್ ಆದರೆ ವಿಂಡೋಸ್ 10, 11ರಲ್ಲಿ ಕೆಲವೊಮ್ಮೆ ಟಿಕ್ ಇದ್ದ ಹಾಗೇ ಇರುತ್ತದೆ, ಡೆಸ್ಕ್‌ಟಾಪ್‌ಗೆ ನೆಟ್ ಮಾತ್ರ ಬರುವುದಿಲ್ಲ. ಆಗಲೂ ಟಿಕ್ ತೆಗೆದು ಹಾಕುವುದೇ ಸುಲಭದ ದಾರಿ.

ಕೆಲವರು ವೈಫೈ, ಈಥರ್‌ನೆಟ್ ಎರಡನ್ನೂ ಆರಿಸಿ ಬ್ರಿಡ್ಜ್ ಮಾಡಿ, ಅಂದರೆ ಒಂದೇ ಜಾಲವಾಗಿ ಬೆಸೆಯಿರಿ, ಅನ್ನುತ್ತಾರೆ. ವೈಫೈ ಜೊತೆ ಅದು ಹೆಚ್ಚಾಗಿ ಕೈಕೊಡುತ್ತದೆ, ಸುಮ್ನೆ ಹೋಗಬೇಡಿ. ಉಬುಂಟು ಇದ್ದವರಿಗೆ ಕೆಲಸ ಇನ್ನೂ ಸುಲಭ: ಕೇಬಲ್ ಕನೆಕ್ಷನ್‌ನ ಐಪಿವಿ4 ಸೆಟ್ಟಿಂಗ್‌ನಲ್ಲಿ ಬೇರೆ ಕಂಪ್ಯೂಟರ್‌ಗಳಿಗೆ ಹಂಚು ಅನ್ನುವ ಆಯ್ಕೆ ಇದೆ, ಅಷ್ಟೇ.

ನನ್ನನ್ನು ಕೇಳಿದರೆ, ಇದು ಒಂದೆರಡು ದಿನದ ಕೆಲಸಕ್ಕೆ ಒಳ್ಳೆಯದು. ನೀವು ಲ್ಯಾಪ್‌ಟಾಪ್ ಎತ್ತಿಕೊಂಡು ಮಂಗಳೂರಿಗೆ ಹೊರಟರೆ ಅಪ್ಪನ ನೆಟ್ಟೂ ಹೊರಟಿತು. ದಿನಾ ಬೇಕಾದರೆ ಡೆಸ್ಕ್‌ಟಾಪ್‌ಗೆ ಒಂದು ಯುಎಸ್‌ಬಿ ವೈಫೈ ಡಾಂಗಲ್ ಹಾಕಿ. ಅಥವಾ ರೂಟರ್‌ನಿಂದಲೇ ಕೆಳಗೆ ಕೇಬಲ್ ಎಳೆಯಿರಿ, 100 ಮೀಟರ್‌ವರೆಗೆ ತೊಂದರೆ ಇಲ್ಲ. ಎಳೆಯುವಾಗ ಮನೆ ಒಳಗಿನಿಂದಲೇ ಎಳೆಯಿರಿ, ತಾರಸಿ ಮೇಲಿಂದ ಬೇಡ. ನಮ್ಮ ಕಡೆ ಮೇ ತಿಂಗಳ ಗುಡುಗು ಸಿಡಿಲು ಗೊತ್ತಲ್ಲ. ಹೊರಗೆ ಓಡಿದ ಕೇಬಲ್ ಹಿಡಿದು ಬಂದರೆ ರೂಟರ್, ಡೆಸ್ಕ್‌ಟಾಪ್ ಎರಡನ್ನೂ ಒಟ್ಟಿಗೆ ಸುಡುತ್ತದೆ.