ತಿಂಗಳು ಹುಟ್ಟುವ ಮೊದಲೇ ಖರ್ಚಾಗಿರುವ ದುಡ್ಡು

16 ವರ್ಷದಿಂದ ಬೇರೆಯವರ ಮನೆಯ ಲೆಕ್ಕ ನೋಡಿ ಸಲಹೆ ಕೊಡುವುದು ನನ್ನ ಕೆಲಸ. "ಆರು ತಿಂಗಳ ಖರ್ಚಿಗಾಗುವಷ್ಟು ದುಡ್ಡು ಬೇರೆ ಎತ್ತಿಡಿ" ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ ನೆನಪಿಲ್ಲ. ಕಳೆದ ವರ್ಷ ನನ್ನ ಗಂಡನ ಕೆಲಸ ಹೋಯಿತು. ಆ ಮಾತಿನಲ್ಲಿ 'ಖರ್ಚು' ಅಂದರೆ ಯಾವ ಖರ್ಚು ಎಂದು ನಾನೇ ಸರಿಯಾಗಿ ಯೋಚಿಸಿರಲಿಲ್ಲ ಅಂತ ಆಗ ಗೊತ್ತಾಯಿತು.

ಮೊದಲಿಗೆ ನಾವೂ ಎಲ್ಲರ ಹಾಗೇ ಮಾಡಿದೆವು. ಹೊರಗೆ ತಿನ್ನುವುದು ಬಂದ್. ಸಿನಿಮಾ ಚಂದಾ ರದ್ದು. ಹೊಸ ಬಟ್ಟೆ ಬೇಡ. ಯಾರಾದರೂ ಫ್ಯಾನ್ ಹಾಕಿದರೆ ಸಾಕು, ನನ್ನ ಕಣ್ಣು ಸ್ವಿಚ್ಚಿನ ಮೇಲೆ. ಎರಡು ತಿಂಗಳು ಹೀಗೆ ಒದ್ದಾಡಿ ಕೂಡಿಸಿ ನೋಡಿದರೆ, ನಮ್ಮಿಬ್ಬರ ಹಳೆಯ ಆದಾಯ 100 ಅಂತಿಟ್ಟುಕೊಂಡರೆ, ಖರ್ಚಿನಲ್ಲಿ ತಿಂಗಳಿಗೆ ಕಡಿಮೆಯಾದದ್ದು ಬರೀ 6.

ಒಂದು ರಾತ್ರಿ ಹಾಳೆ ತೆಗೆದು ಬರೆಯುತ್ತಾ ಕೂತೆ. ಮನೆ ಸಾಲದ ಕಂತು, ಕಾರಿನ ಕಂತು, ಮಗಳ ಫೀಸು, ವಿಮೆ. ತಿಂಗಳು ಹುಟ್ಟುವ ಮೊದಲೇ ಹೋಗಿಬಿಟ್ಟಿರುವ ದುಡ್ಡು ಇದು. ಒಟ್ಟು 62. ಈಗ ಬರುತ್ತಿದ್ದುದು ನನ್ನ ಸಂಪಾದನೆ ಮಾತ್ರ, 55. ಅಂದರೆ ಇಡೀ ತಿಂಗಳು ಒಲೆ ಹಚ್ಚದಿದ್ದರೂ 7 ಕಡಿಮೆ ಬೀಳುತ್ತಿತ್ತು! ನಾನು ನೋಡಿದರೆ ಫ್ಯಾನಿನ ಸ್ವಿಚ್ಚು ಕಾಯುತ್ತಾ ಕೂತಿದ್ದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಹಾಸಿಗೆ ರಾತ್ರೋರಾತ್ರಿ ಚಿಕ್ಕದಾದರೆ ಕಾಲು ಮಡಚಿಕೊಳ್ಳಬಹುದು, ಸರಿ. ಆದರೆ ಕಾಲನ್ನು ಮಂಚಕ್ಕೇ ಕಟ್ಟಿಕೊಂಡಿದ್ದರೆ?

ಇನ್ನೂ ನಾಚಿಕೆಯ ವಿಷಯ ಒಂದಿದೆ. ಆರು ತಿಂಗಳ ಖರ್ಚು ಅಂತ ನಾನು ಎತ್ತಿಟ್ಟಿದ್ದು ದಿನಸಿ, ಕರೆಂಟು, ಓಡಾಟ ಇಷ್ಟರ ಲೆಕ್ಕ. ಕಂತುಗಳು ಖಾತೆಯಿಂದ ತಾವಾಗಿಯೇ ಕಟ್ಟಾಗುತ್ತಿದ್ದವು. ಹಾಗಾಗಿ ಅವನ್ನು ಖರ್ಚು ಅಂತ ಎಣಿಸಿಯೇ ಇರಲಿಲ್ಲ. ಕಣ್ಣಿಗೆ ಬೀಳದ್ದು ಲೆಕ್ಕಕ್ಕೂ ಬಿದ್ದಿರಲಿಲ್ಲ.

ಹೋಗಲಿ, ಇದ್ದ ದುಡ್ಡನ್ನಾದರೂ ಸರಿಯಾಗಿ ಬಳಸಿದೆನಾ? ಅದೂ ಇಲ್ಲ. "ಅದು ಆಪತ್ತಿಗೆ ಇಟ್ಟದ್ದು, ಮುಟ್ಟಬಾರದು" ಎಂದು ಕ್ರೆಡಿಟ್ ಕಾರ್ಡ್ ಉಜ್ಜಿದೆ. ಕನಿಷ್ಠ ಮೊತ್ತ ಕಟ್ಟಿಕೊಂಡು ಹೋದೆ. ಆಪತ್ತು ಮನೆಯೊಳಗೇ ಬಂದು ಕೂತಿತ್ತು, ನಾನು ಇನ್ನೂ ಅದರ ದಾರಿ ಕಾಯುತ್ತಿದ್ದೆ. ಒಂದೇ ದುಡ್ಡನ್ನು ಮನಸ್ಸಿನಲ್ಲೇ ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ನಡೆದುಕೊಳ್ಳುವ ಈ ಸ್ವಭಾವದ ಬಗ್ಗೆ ರಿಚರ್ಡ್ ಥೇಲರ್ ಬಹಳ ಕೆಲಸ ಮಾಡಿದ್ದಾರೆ. 2017ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಅದನ್ನು ನಾನು ತರಬೇತಿಗಳಲ್ಲಿ ಪಾಠ ಮಾಡಿದ್ದೇನೆ ಬೇರೆ.

ಕನಿಷ್ಠ ಮೊತ್ತದ ಲೆಕ್ಕ ಒಮ್ಮೆ ನೋಡಿ. ಬಾಕಿ 100. ಬಡ್ಡಿ ತಿಂಗಳಿಗೆ ಶೇ 3. ನೀವು ಪ್ರತಿ ತಿಂಗಳು ಬಾಕಿಯ ಶೇ 5 ಮಾತ್ರ ಕಟ್ಟುತ್ತೀರಿ, ಹೊಸದಾಗಿ ಏನನ್ನೂ ಕೊಳ್ಳುವುದಿಲ್ಲ. ಬಾಕಿ 50ಕ್ಕೆ ಇಳಿಯಲು ಸುಮಾರು 32 ತಿಂಗಳು ಬೇಕು. ಅಷ್ಟರಲ್ಲಿ ನಿಮ್ಮ ಕೈಯಿಂದ 120ರಷ್ಟು ಹೋಗಿರುತ್ತದೆ. ಇನ್ನೂ 50 ಹಾಗೇ ಇರುತ್ತದೆ. ಎತ್ತಿಟ್ಟ ದುಡ್ಡಿಗೆ ಇಷ್ಟು ಬಡ್ಡಿ ಯಾವ ಠೇವಣಿಯೂ ಕೊಡುವುದಿಲ್ಲ. ಮೂರನೇ ತಿಂಗಳು ಆ ದುಡ್ಡು ತೆಗೆದು ಕಾರ್ಡಿನ ಬಾಕಿ ಪೂರ್ತಿ ತೀರಿಸಿದೆ.

ಆಮೇಲೆ ಕಾರು ಮಾರಿದೆವು. ಮನೆ ಸಾಲದ ಅವಧಿ ಜಾಸ್ತಿ ಮಾಡಿಸಿಕೊಂಡೆವು. ಒಟ್ಟು ಬಡ್ಡಿ ಹೆಚ್ಚು ಬೀಳುತ್ತದೆ, ಗೊತ್ತು. ಆದರೂ ಆ ಹೊತ್ತಿಗೆ ನಮಗೆ ಬೇಕಿದ್ದುದು ಉಸಿರು. 62 ಇದ್ದದ್ದು 47ಕ್ಕೆ ಇಳಿಯಿತು. ಎರಡು ತಿಂಗಳ ಒದ್ದಾಟ 6 ಉಳಿಸಿದ್ದರೆ, ಎರಡು ಸಹಿ 15 ಉಳಿಸಿದವು. ಆರೋಗ್ಯ ವಿಮೆಗೆ ಮಾತ್ರ ಕೈ ಹಾಕಲಿಲ್ಲ. ಅಂದ ಹಾಗೆ, ವಿಮೆ ಕೆಲಸದ ಕಡೆಯಿಂದಲೇ ಬರುತ್ತಿದ್ದರೆ ಕೆಲಸದ ಜೊತೆ ಅದೂ ಹೋಗಬಹುದು. ನಮ್ಮದು ಅದೃಷ್ಟಕ್ಕೆ ಸ್ವಂತದ್ದಿತ್ತು.

ಹಾಳೆಯ ಕೊನೆಯಲ್ಲಿ 'ಇತರೆ' ಎಂಬ ಸಾಲಿತ್ತು. ತಿಂಗಳಿಗೆ 4. "ಏನ್ರೀ ಇದು?" ಎಂದೆ. ಇವರು ಪೆನ್ನಿನ ಕ್ಯಾಪ್ ಹಾಕಿದರು, ತೆಗೆದರು, ಮತ್ತೆ ಹಾಕಿದರು. "ತಮ್ಮನಿಗೆ ಕಳಿಸ್ತಾ ಇದ್ದೆ. ಹೇಳ್ಬೇಕು ಅಂದ್ಕೊಂಡಿದ್ದೆ."

ನನಗೆ ಸಿಟ್ಟು ಬಂತು. ದುಡ್ಡಿಗಲ್ಲ, ಹೇಳದೇ ಇದ್ದದ್ದಕ್ಕೆ. ಆದರೆ ಅದೇ ಸಾಲಿನಲ್ಲಿ ನನ್ನದೂ ಪಾಲಿತ್ತು. ಕೆಲಸದಲ್ಲಿ ಬೇಜಾರಾದ ದಿನ ಸುಮ್ನೆ ಏನಾದರೂ ಆರ್ಡರ್ ಮಾಡುವ ಚಟ. ಅರ್ಧ ಡಬ್ಬಗಳನ್ನು ತೆರೆದೇ ಇರಲಿಲ್ಲ. ಅದನ್ನು ಹೇಳಿದೆ. ಇವರು ನಕ್ಕರು, ಆ ತಿಂಗಳಲ್ಲಿ ಮೊದಲ ಸಲ.

ಇಷ್ಟು ವರ್ಷ ಯಾರೇ ಬಂದರೂ 'ಇತರೆ' ಸಾಲಿಗೆ ಕೆಂಪು ಗೆರೆ ಎಳೆದು "ಇದನ್ನು ಕಡಿಮೆ ಮಾಡಿ" ಅನ್ನುತ್ತಿದ್ದೆ. ಈಗ "ಇದರಲ್ಲಿ ಏನೇನಿದೆ?" ಎಂದು ಕೇಳಿ ಸುಮ್ಮನೆ ಕಾಯುತ್ತೇನೆ. ಗಂಡ ಹೆಂಡತಿಯ ಮುಖ ನೋಡುವುದೋ, ಹೆಂಡತಿ ಗಂಡನ ಮುಖ ನೋಡುವುದೋ ಆಗಲೇ.

ಒಂಬತ್ತನೇ ತಿಂಗಳಿಗೆ ಇವರಿಗೆ ಕೆಲಸ ಸಿಕ್ಕಿತು, ಮೊದಲಿಗಿಂತ ಕಡಿಮೆ ಸಂಬಳಕ್ಕೆ. ಕಾರು ಮತ್ತೆ ಕೊಂಡಿಲ್ಲ. ಆಪತ್ತಿನ ದುಡ್ಡಿನ ಲೆಕ್ಕವನ್ನೂ ಬದಲಿಸಿದ್ದೇನೆ. ಕಟ್ಟಲೇಬೇಕಾದ ಕಂತು, ಫೀಸು, ವಿಮೆ ಮತ್ತು ಊಟ, ಓಡಾಟ ಎಲ್ಲಾ ಸೇರಿಸಿ ಒಂದು ತಿಂಗಳ ಲೆಕ್ಕ. ಮನೆಯಲ್ಲಿ ಇಬ್ಬರು ದುಡಿಯುತ್ತಿದ್ದರೆ ಅದರ ಮೂರು ಪಟ್ಟಾದರೂ ಇರಲಿ. ಒಬ್ಬರೇ ಆದರೆ ಆರು. ಆದಾಯ ಒಂದು ತಿಂಗಳು ಬಂದು ಒಂದು ತಿಂಗಳು ಬಾರದ ಸ್ವಂತ ಉದ್ಯೋಗವಾದರೆ ಇನ್ನೂ ಜಾಸ್ತಿ.

ಮೊನ್ನೆ ಒಂದು ಜೋಡಿ ಬಂದಿತ್ತು. ಇಬ್ಬರಿಗೂ ಒಳ್ಳೆಯ ಸಂಬಳ, ಮನೆ ಸಾಲ ಮಂಜೂರಾಗಿದೆ. "ಎಷ್ಟು ವರ್ಷಕ್ಕೆ ತಗೊಂಡ್ರೆ ಒಳ್ಳೇದು ಮೇಡಂ?" ಎಂದರು. ಹಿಂದಿನ ನಾನಾಗಿದ್ದರೆ ತಕ್ಷಣ ಕ್ಯಾಲ್ಕುಲೇಟರ್ ಎತ್ತಿಕೊಳ್ಳುತ್ತಿದ್ದೆ. "ಒಂದೇ ಸಂಬಳದಲ್ಲಿ ಈ ಕಂತು ಎಷ್ಟು ತಿಂಗಳು ಕಟ್ಟಬಹುದು?" ಎಂದು ಕೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರು ಫೈಲು ಮುಚ್ಚಿ, "ಮುಂದಿನ ವಾರ ಬರ್ತೀವಿ" ಎಂದು ಎದ್ದರು.