ದಾಕ್ಷಿಣ್ಯವನ್ನೇ ಬಂಡವಾಳವಾಗಿಸಿಕೊಂಡ ವ್ಯಾಪಾರ: ಚೈನ್ ಲಿಂಕ್ ಬಗೆಗಿನ ಜನಾಭಿಪ್ರಾಯ ಬೆಳೆದುಬಂದ ಹಾದಿ

ಬಹಳ ದಿನಗಳಿಂದ ಸಂಪರ್ಕದಲ್ಲಿಲ್ಲದ ಬಂಧುವೊಬ್ಬರು ಫೋನ್ ಮಾಡಿ, ಮನೆಯವರೆಲ್ಲರ ಕ್ಷೇಮ ವಿಚಾರಿಸಿ, "ಒಂದು ಒಳ್ಳೆ ವಿಷಯ ಇದೆ, ಫೋನಲ್ಲಿ ಹೇಳೋಕಾಗಲ್ಲ, ಭಾನುವಾರ ಮನೆಗೇ ಬರ್ತೀವಿ" ಎಂದರೆ, ಆ ವಿಷಯ ಯಾವುದಿರಬಹುದೆಂಬ ಅನುಮಾನ ಈಗ ಕರ್ನಾಟಕದ ಬಹುತೇಕ ಮಧ್ಯಮ ವರ್ಗದ ಮನೆಗಳಲ್ಲಿ ತಕ್ಷಣ ಮೂಡುತ್ತದೆ. ಇಪ್ಪತ್ತೈದು ವರ್ಷಗಳ ಹಿಂದೆ ಈ ಅನುಮಾನ ಇರಲಿಲ್ಲ. ಆಗ ಬಂದವರು ವ್ಯಾಪಾರದ ಹೆಸರನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಮೊದಲು ಅದು ಮಲ್ಟಿ ಲೆವೆಲ್ ಮಾರ್ಕೆಟಿಂಗ್ ಆಗಿತ್ತು, ಆಮೇಲೆ ನೆಟ್‌ವರ್ಕ್ ಮಾರ್ಕೆಟಿಂಗ್ ಆಯಿತು, ಈಗ ಸರ್ಕಾರಿ ಭಾಷೆಯಲ್ಲಿ ನೇರ ಮಾರಾಟವಾಗಿದೆ. ಜನರ ಬಾಯಲ್ಲಿ ಮಾತ್ರ ಅದು ಮೊದಲಿನಿಂದಲೂ ಚೈನ್ ಲಿಂಕ್: ದುಡ್ಡು ಕಟ್ಟಿ ಸೇರಿದವರು ಬೇರೆಯವರನ್ನು ಸೇರಿಸುತ್ತಾ, ಹಾಗೆ ತಮ್ಮ ಕೆಳಗೆ ಸೇರಿದವರಿಂದ ಕಮಿಷನ್ ಪಡೆಯುವ ವ್ಯಾಪಾರ. ಒಂದು ವ್ಯಾಪಾರ ಇಷ್ಟು ಸಲ ಹೆಸರು ಬದಲಿಸಿಕೊಳ್ಳಬೇಕಾಗಿ ಬಂದದ್ದು ಏಕೆ ಎಂಬುದನ್ನು ನೋಡುತ್ತಾ ಹೋದರೆ, ಅದರ ಬಗೆಗಿನ ಜನಾಭಿಪ್ರಾಯದ ಚರಿತ್ರೆಯೂ ತೆರೆದುಕೊಳ್ಳುತ್ತದೆ.

ನಮ್ಮ ಮನೆಗೆ ಈ ವ್ಯಾಪಾರವನ್ನು ತಂದವರು ಅಮ್ಮನ ದೊಡ್ಡಪ್ಪನ ಮಗಳು, ನಮಗೆಲ್ಲ ಚಿಕ್ಕಮ್ಮ. ಅವರ ಯಜಮಾನರು ಪ್ರಾಥಮಿಕ ಶಾಲೆಯ ಮೇಷ್ಟ್ರು. ಚಿಕ್ಕಮ್ಮನ ಜೊತೆ ಟೈ ಕಟ್ಟಿದ ಒಬ್ಬರು ಬಂದಿದ್ದರು. ಅವರನ್ನು ಎಲ್ಲರೂ "ಸರ್" ಎನ್ನುತ್ತಿದ್ದರು. ಕಾಫಿ ಮುಗಿದ ಮೇಲೆ ಅವರು ನನ್ನ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಒಂದು ಸೊನ್ನೆ ಬರೆದು, ಅದರೊಳಗೆ ಅಮ್ಮನ ಹೆಸರಿನ ಮೊದಲ ಅಕ್ಷರ ಹಾಕಿ, ಕೆಳಗೆ ಆರು ಸೊನ್ನೆಗಳನ್ನು, ಆ ಒಂದೊಂದರ ಕೆಳಗೆ ಮತ್ತೆ ಆರಾರು ಸೊನ್ನೆಗಳನ್ನು ಬರೆಯುತ್ತಾ ಹೋದರು. ಪುಟದಲ್ಲಿ ಜಾಗ ಸಾಲದಾದಾಗ "ಹೀಗೇ ಬೆಳೀತಾ ಹೋಗುತ್ತೆ ಅಮ್ಮಾ" ಎಂದು ಪೆನ್ನು ಮುಚ್ಚಿದರು. ಅಮ್ಮ ದುಡ್ಡು ಕೊಟ್ಟರು. ಸೋಪು, ಶಾಂಪೂ, ಟಾನಿಕ್ಕಿನ ಬಾಟಲಿಗಳಿದ್ದ ಒಂದು ಪೆಟ್ಟಿಗೆ ಬಂತು. ಅಂಗಡಿಯಲ್ಲಿ ಸಿಗುವುದರ ಮೂರು ಪಟ್ಟು ಬೆಲೆಯ ಆ ಶಾಂಪೂವನ್ನು ಹಬ್ಬದ ದಿನ ಮಾತ್ರ ಬಳಸುತ್ತಿದ್ದೆವು. ಅಮ್ಮ ಯಾರನ್ನೂ ಸೇರಿಸಲಿಲ್ಲ. ಕೊಟ್ಟ ದುಡ್ಡನ್ನು ವಾಪಸು ಕೇಳಲೂ ಇಲ್ಲ.

ಆ ಪುಟದ ಸೊನ್ನೆಗಳನ್ನು ಲೆಕ್ಕ ಹಾಕಿ ನೋಡಿದ್ದು ಎಷ್ಟೋ ವರ್ಷಗಳ ನಂತರ. ಪ್ರತಿಯೊಬ್ಬರೂ ಆರು ಜನರನ್ನು ಸೇರಿಸುತ್ತಾ ಹೋದರೆ ಹತ್ತನೆಯ ಮೆಟ್ಟಿಲಿನಲ್ಲಿ ಮಾತ್ರವೇ 6,04,66,176 ಜನ ಬೇಕಾಗುತ್ತಾರೆ. 2011ರ ಜನಗಣತಿಯ ಪ್ರಕಾರ ಕೂಸುಕಂದಮ್ಮಗಳೂ ಸೇರಿ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6 ಕೋಟಿ 11 ಲಕ್ಷ. ಆದ್ದರಿಂದ ಸರಪಳಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. ಅದು ಯಾವ ಮೆಟ್ಟಿಲಿನಲ್ಲಿ ನಿಂತರೂ, ಆವರೆಗೆ ಸೇರಿದವರಲ್ಲಿ ಆರರಲ್ಲಿ ಐದು ಪಾಲು ಜನ ಕಟ್ಟಕಡೆಯ ಸಾಲಿನಲ್ಲಿರುತ್ತಾರೆ, ಮತ್ತು ಅವರ ಕೆಳಗೆ ಯಾರೂ ಇರುವುದಿಲ್ಲ. ಸೋಮಾರಿತನಕ್ಕೂ ಈ ಫಲಿತಾಂಶಕ್ಕೂ ಸಂಬಂಧವಿಲ್ಲ. ಎಲ್ಲರೂ ಹಗಲಿರುಳು ದುಡಿದರೂ ಲೆಕ್ಕ ಬದಲಾಗದು. ಮೀಟಿಂಗುಗಳಲ್ಲಿ ಮಾತ್ರ ಸೋತವರಿಗೆ ಹೇಳುವುದು ಒಂದೇ ಮಾತು: ನೀವು ಸರಿಯಾಗಿ ಕೆಲಸ ಮಾಡಲಿಲ್ಲ. ಈ ಮಾತನ್ನು ಸೋತವರೇ ನಂಬಿಬಿಡುತ್ತಾರೆ ಎಂಬುದು ಈ ವ್ಯವಹಾರದಲ್ಲಿ ನನಗೆ ಅತ್ಯಂತ ನೋವು ತರುವ ಸಂಗತಿ.

ಈ ವ್ಯಾಪಾರ ನಮ್ಮ ದೇಶಕ್ಕೆ ಬರುವ ಮೊದಲೇ ಅದಕ್ಕೆ ಅನ್ವಯಿಸಬಹುದಾದ ಕಾನೂನು ಇಲ್ಲಿತ್ತು. ಕಂತು ಕಟ್ಟಿದವರಲ್ಲಿ ಲಾಟರಿ ಎತ್ತಿ ಬಹುಮಾನ ಕೊಡುವ ಬಹುಮಾನ ಚೀಟಿಗಳ ಹಾವಳಿ ಹೆಚ್ಚಿದಾಗ ರಿಸರ್ವ್ ಬ್ಯಾಂಕ್ ನೇಮಿಸಿದ್ದ ಜೇಮ್ಸ್ ರಾಜ್ ಅಧ್ಯಯನ ತಂಡದ ಶಿಫಾರಸಿನ ಮೇಲೆ ಸಂಸತ್ತು 1978ರಲ್ಲಿ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳ ನಿಷೇಧ ಕಾಯಿದೆಯನ್ನು ತಂದಿತು. ಸದಸ್ಯರನ್ನು ಸೇರಿಸುವುದಕ್ಕೆ ತಳುಕು ಹಾಕಿಕೊಂಡು ಬೇಗ ಅಥವಾ ಸುಲಭವಾಗಿ ಹಣ ಮಾಡುವ ಯೋಜನೆ ಯಾವ ಹೆಸರಿನಲ್ಲಿದ್ದರೂ ಅದು ಹಣ ಚಲಾವಣೆ ಯೋಜನೆ ಎಂದು ಆ ಕಾಯಿದೆ ಹೇಳುತ್ತದೆ. ಕಲ್ಕತ್ತೆಯ ಸಂಚಯಿತ ಇನ್ವೆಸ್ಟ್‌ಮೆಂಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ, ಭಾರಿ ಬಡ್ಡಿಯ ಆಸೆ ತೋರಿಸಿ ಠೇವಣಿ ಸಂಗ್ರಹಿಸಿದ ಮಾತ್ರಕ್ಕೆ ಈ ಕಾಯಿದೆ ಅನ್ವಯಿಸುವುದಿಲ್ಲ, ಸದಸ್ಯರ ಸೇರ್ಪಡೆಯ ಜೊತೆ ಅದಕ್ಕೆ ನಂಟಿರಬೇಕು ಎಂದಿತು. ಅಂದರೆ ಜನರನ್ನು ಸೇರಿಸಿದ್ದಕ್ಕೆ ದುಡ್ಡು ಸಿಗುತ್ತದೆಯೋ, ಸರಕು ಮಾರಿದ್ದಕ್ಕೆ ಸಿಗುತ್ತದೆಯೋ ಎಂಬ ಪ್ರಶ್ನೆ ಆಗಲೇ ಈ ಕಾನೂನಿನ ನಡುವೆ ಬಂದು ಕುಳಿತಿತ್ತು. ಮುಂದಿನ ನಾಲ್ಕು ದಶಕಗಳ ವಾದವಿವಾದವೆಲ್ಲ ಇದರ ಸುತ್ತಲೇ ನಡೆಯಿತು.

ಅಮೆರಿಕದಲ್ಲಿಯೂ ವಿವಾದ ಹುಟ್ಟಿದ್ದು ಇದೇ ಪ್ರಶ್ನೆಯಿಂದ. 1959ರಲ್ಲಿ ಮಿಷಿಗನ್ ರಾಜ್ಯದಲ್ಲಿ ರಿಚ್ ಡಿವಾಸ್ ಮತ್ತು ಜೇ ವ್ಯಾನ್ ಆಂಡೆಲ್ ಆರಂಭಿಸಿದ ಆಮ್‌ವೇ ಕಂಪನಿಯ ಮೇಲೆ ಅಲ್ಲಿನ ಸರ್ಕಾರಿ ವ್ಯಾಪಾರ ನಿಯಂತ್ರಣ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ ಪ್ರಕರಣ ನಡೆಸಿ, ಅದು ಪಿರಮಿಡ್ ಯೋಜನೆಯಲ್ಲ, ಅಂದರೆ ಸರಕಿನ ಮಾರಾಟಕ್ಕಿಂತ ಜನರನ್ನು ಸೇರಿಸುವುದರಿಂದಲೇ ದುಡ್ಡು ಮಾಡುವ ಯೋಜನೆಯಲ್ಲ ಎಂದು 1979ರಲ್ಲಿ ತೀರ್ಮಾನಿಸಿತು. ಈ ತೀರ್ಮಾನ ಕಂಪನಿಯ ಮೂರು ನಿಯಮಗಳನ್ನು ಆಧರಿಸಿತ್ತು. ಕೊಂಡ ಸರಕಿನ ಶೇಕಡಾ 70ರಷ್ಟಾದರೂ ಮಾರಾಟವಾಗಿರಬೇಕು, ತಿಂಗಳಿಗೆ ಹತ್ತು ಗಿರಾಕಿಗಳಿಗಾದರೂ ಮಾರಿರಬೇಕು, ಮಾರಾಟವಾಗದೆ ಉಳಿದದ್ದನ್ನು ವಾಪಸು ಕೊಳ್ಳಬೇಕು. "ಅಮೆರಿಕದಲ್ಲೇ ಇದನ್ನು ಕಾನೂನುಬದ್ಧ ಅಂದಿದ್ದಾರೆ" ಎಂಬ ಮಾತನ್ನು ನಾನು ಒಂದಕ್ಕಿಂತ ಹೆಚ್ಚು ಮೀಟಿಂಗುಗಳಲ್ಲಿ ಕೇಳಿದ್ದೇನೆ. ಈ ಮೂರು ನಿಯಮಗಳ ಪ್ರಸ್ತಾಪವನ್ನು ಒಮ್ಮೆಯೂ ಕೇಳಿಲ್ಲ.

ಉದಾರೀಕರಣದ ನಂತರ, 1990ರ ದಶಕದ ನಡುಭಾಗದಿಂದ ಓರಿಫ್ಲೇಮ್, ಟಪ್ಪರ್‌ವೇರ್, ಮೋದಿಕೇರ್ ಮುಂತಾದ ನೇರ ಮಾರಾಟ ಕಂಪನಿಗಳು ಒಂದರ ಹಿಂದೆ ಒಂದರಂತೆ ಭಾರತದಲ್ಲಿ ಆರಂಭವಾದವು. ಆಮ್‌ವೇ ಇಲ್ಲಿ ವಹಿವಾಟು ಶುರು ಮಾಡಿದ್ದು 1998ರಲ್ಲಿ. ಆ ಕಾಲದ ಉತ್ಸಾಹವನ್ನು ಈಗ ಹಗುರವಾಗಿ ಕಾಣುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಸಂಬಳಗಳು ಬೆಳೆಯುತ್ತಿರುವುದನ್ನು ಸಣ್ಣ ಊರುಗಳ ಮೇಷ್ಟ್ರುಗಳು, ಗುಮಾಸ್ತರು, ಮನೆಯಲ್ಲೇ ಇದ್ದ ವಿದ್ಯಾವಂತ ಹೆಣ್ಣುಮಕ್ಕಳು ದೂರದಿಂದ ನೋಡುತ್ತಿದ್ದರು. ಅಂಗಡಿ ಹಾಕಲು ಬಂಡವಾಳವಿಲ್ಲದ, ಕೆಲಸಕ್ಕೆ ಹೋಗಲು ಮನೆಯವರ ಒಪ್ಪಿಗೆಯಿಲ್ಲದ ಹೆಂಗಸಿಗೆ "ನೀವೇ ನಿಮ್ಮ ವ್ಯಾಪಾರದ ಒಡತಿ" ಎಂದು ಹೇಳಿದ ಮೊದಲ ದನಿ ಬಹುಶಃ ಇದೇ ಆಗಿತ್ತು. ಚಿಕ್ಕಮ್ಮ ಮೊದಲ ಬಾರಿಗೆ ಒಬ್ಬರೇ ಬಸ್ಸು ಹತ್ತಿ ಬೆಂಗಳೂರಿಗೆ ಹೋದದ್ದು, ಮೈಕ್ ಹಿಡಿದು ಮಾತನಾಡಿದ್ದು ಅಂಥ ಒಂದು ಸಮಾವೇಶದಲ್ಲಿ. ಕಳೆದುಕೊಂಡ ಹಣದ ಮಾತು ಬಂದಾಗಲೂ ಅವರು ಆ ದಿನವನ್ನು ಪ್ರೀತಿಯಿಂದಲೇ ನೆನೆಯುತ್ತಾರೆ.

ಜನ ಬೇಗ ನಂಬಿದ್ದಕ್ಕೆ ನಮ್ಮ ಸಮಾಜದೊಳಗೇ ಕಾರಣಗಳಿದ್ದವು. ಪರಿಚಯದವರ ನಂಬಿಕೆಯ ಮೇಲೆ ಹಣ ಓಡಾಡುವುದು ನಮಗೆ ಹೊಸದಾಗಿರಲಿಲ್ಲ. ಬೀದಿಬೀದಿಯಲ್ಲಿ ಚೀಟಿ ನಡೆಯುತ್ತಿತ್ತು, ಎಲ್‌ಐಸಿ ಏಜೆಂಟರು ಬಹುಪಾಲು ನೆರೆಹೊರೆಯವರೇ ಆಗಿರುತ್ತಿದ್ದರು, ಸ್ತ್ರೀಶಕ್ತಿ ಸಂಘಗಳಲ್ಲಿ ಹೆಂಗಸರು ವಾರವಾರ ಉಳಿತಾಯ ಕಟ್ಟುತ್ತಿದ್ದರು. ಚೈನ್ ಲಿಂಕ್ ಈ ಮೂರರ ವೇಷವನ್ನೂ ಸ್ವಲ್ಪ ಸ್ವಲ್ಪ ತೊಟ್ಟುಕೊಂಡು ಬಂದಿತು. ಈಗಲೂ ಅನೇಕರು ಚೀಟಿಯನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿಟ್ಟು ಬೈಯುತ್ತಾರೆ, ಆದರೆ ಅದು ತಪ್ಪು. ಇಪ್ಪತ್ತು ಜನ ಸೇರಿ ನಡೆಸುವ ಚೀಟಿಯಲ್ಲಿ ಇಪ್ಪತ್ತೊಂದನೆಯವರು ಬರದಿದ್ದರೂ ಎಲ್ಲರ ಸರದಿಯೂ ಬರುತ್ತದೆ. ಚೈನ್ ಲಿಂಕಿನಲ್ಲಿ ಹೊಸಬರು ಬರುವುದು ನಿಂತ ದಿನವೇ ಕೊನೆಯ ಸಾಲಿನವರ ಆಸೆಯೂ ನಿಲ್ಲುತ್ತದೆ.

ಇವೆಲ್ಲಕ್ಕಿಂತ ಗಟ್ಟಿಯಾಗಿ ಕೆಲಸ ಮಾಡಿದ್ದು ದಾಕ್ಷಿಣ್ಯ. ಮದುವೆಯಲ್ಲಿ ಅವರು ಮಾಡಿದ ಮುಯ್ಯಿಯನ್ನು ನಾವು ಅವರ ಮನೆಯ ಮದುವೆಯಲ್ಲಿ ತೀರಿಸುತ್ತೇವೆ. ನಮ್ಮ ನಾಟಿಗೆ ಅವರು ಆಳಾಗಿ ಬಂದರೆ ಅವರ ನಾಟಿಗೆ ನಾವು ಹೋಗುತ್ತೇವೆ. ಹೀಗೆ ತಲೆಮಾರುಗಳಿಂದ ಕೂಡಿಟ್ಟ ಋಣದ ಲೆಕ್ಕವನ್ನು ಈ ವ್ಯಾಪಾರ ಒಂದೇ ಸಂಜೆಯಲ್ಲಿ ಚೆಕ್ಕಿನಂತೆ ನಗದು ಮಾಡಿಕೊಂಡಿತು. ಹೊಸದಾಗಿ ಸೇರಿದವರಿಗೆ ಕೊಡುತ್ತಿದ್ದ ಮೊದಲ ಕೆಲಸವೆಂದರೆ ನೂರು ಪರಿಚಿತರ ಹೆಸರು ಬರೆಯುವುದು. ಮದುವೆಯ ಲಗ್ನಪತ್ರಿಕೆ ಹಂಚಲು ಇಟ್ಟುಕೊಂಡಿದ್ದ ವಿಳಾಸದ ಪುಸ್ತಕವನ್ನೇ ಚಿಕ್ಕಮ್ಮ ಅದಕ್ಕೆ ಬಳಸಿದ್ದರು. ಅಮ್ಮ ದುಡ್ಡು ಕೊಟ್ಟದ್ದು ಸೊನ್ನೆಗಳನ್ನು ನಂಬಿ ಅಲ್ಲವೆಂದು ಆಮೇಲೆ ಹೇಳಿದರು. "ನನ್ನ ಬಾಣಂತನದಲ್ಲಿ ಅವಳು ಎರಡು ತಿಂಗಳು ಬಂದು ನಿಂತಿದ್ದಳು, ಇಲ್ಲ ಅನ್ನೋದು ಹೇಗೆ" ಎಂಬುದಷ್ಟೇ ಅವರ ವಿವರಣೆಯಾಗಿತ್ತು.

ಜನಾಭಿಪ್ರಾಯ ತಿರುಗತೊಡಗಿದ್ದು ನೆರೆರಾಜ್ಯಗಳ ಪೊಲೀಸ್ ಕ್ರಮಗಳ ಸುದ್ದಿಯಿಂದ. 2006ರಲ್ಲಿ ಆಂಧ್ರಪ್ರದೇಶದ ಸಿಐಡಿ ಆಮ್‌ವೇ ಕಚೇರಿಗಳ ಮೇಲೆ ದಾಳಿ ನಡೆಸಿತು. 2007ರಲ್ಲಿ ಅಲ್ಲಿನ ಹೈಕೋರ್ಟ್, ಕಂಪನಿಯ ಯೋಜನೆ ಮೇಲ್ನೋಟಕ್ಕೆ 1978ರ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ ಎಂದಿತು. 2013ರಲ್ಲಿ ಕೇರಳ ಪೊಲೀಸರು, 2014ರಲ್ಲಿ ಕರ್ನೂಲು ಪೊಲೀಸರು ಕಂಪನಿಯ ಭಾರತದ ಮುಖ್ಯಸ್ಥ ವಿಲಿಯಂ ಪಿಂಕ್ನಿ ಅವರನ್ನು ಬಂಧಿಸಿದರು. ಈ ನಡುವೆ 2011ರಲ್ಲಿ ಸ್ಪೀಕ್ ಏಷ್ಯಾ ಎಂಬ, ಆನ್‌ಲೈನ್ ಸಮೀಕ್ಷೆ ತುಂಬಿದರೆ ಹಣ ಕೊಡುತ್ತೇವೆಂದು 11,000 ರೂಪಾಯಿ ಕಟ್ಟಿಸಿಕೊಳ್ಳುತ್ತಿದ್ದ ಕಂಪನಿ ಕುಸಿಯಿತು. ಸರಕು ತೋರಿಸಬೇಕಾದ ಶ್ರಮವೂ ಇಲ್ಲದ ಆ ಯೋಜನೆ ಬಿದ್ದಾಗ, ಚೈನ್ ಲಿಂಕ್ ಎಂಬ ಮಾತು ಬೈಗುಳಕ್ಕೆ ಬಹಳ ಹತ್ತಿರವಾಯಿತು. 2019ರಲ್ಲಿ ಸೈಬರಾಬಾದ್ ಪೊಲೀಸರು ಕ್ಯೂನೆಟ್ ಎಂಬ ನೇರ ಮಾರಾಟ ಕಂಪನಿಯ ಪ್ರಕರಣದಲ್ಲಿ ಹತ್ತಾರು ಜನರನ್ನು ಬಂಧಿಸಿದಾಗ, ಅದರ ಭಾರತದ ವಹಿವಾಟು ನಡೆಸುತ್ತಿದ್ದ ವಿಹಾನ್ ಡೈರೆಕ್ಟ್ ಸೆಲ್ಲಿಂಗ್ ಬೆಂಗಳೂರಿನ ಕಂಪನಿಯಾದ್ದರಿಂದ, ವಿಷಯ ನಮ್ಮ ಅಂಗಳಕ್ಕೇ ಬಂದಂತಾಯಿತು.

ಆದರೂ ಈ ವಿಷಯದಲ್ಲಿ ಜನರ ಸಿಟ್ಟು ಒಂದು ವಿಚಿತ್ರ ದಿಕ್ಕು ಹಿಡಿಯಿತು. ಬ್ಯಾಂಕು ಮುಳುಗಿದರೆ ಠೇವಣಿದಾರರು ಬಾಗಿಲ ಮುಂದೆ ಸೇರುತ್ತಾರೆ. ಬೆಂಗಳೂರಿನ ಹೂಡಿಕೆ ಕಂಪನಿ ಐಎಂಎಯ ಹಗರಣ 2019ರಲ್ಲಿ ಹೊರಬಂದಾಗ ಶಿವಾಜಿನಗರದಲ್ಲಿ ದೂರು ಕೊಡಲು ಸಾಲುಗಟ್ಟಿದ್ದ ಜನರನ್ನು ಎಲ್ಲರೂ ನೋಡಿದ್ದಾರೆ. ಚೈನ್ ಲಿಂಕಿನಲ್ಲಿ ಅಂಥ ಸಾಲು ಕಾಣುವುದು ಅಪರೂಪ, ಏಕೆಂದರೆ ಹಣ ಕಳೆದುಕೊಂಡವರು ಅಷ್ಟರಲ್ಲಿ ತಾವೂ ಇಬ್ಬರನ್ನೋ ನಾಲ್ವರನ್ನೋ ಸೇರಿಸಿರುತ್ತಾರೆ. ದೂರು ಕೊಡಬೇಕಾದರೆ ತನ್ನನ್ನು ಸೇರಿಸಿದ ಅಕ್ಕನ ಹೆಸರು ಬರೆಯಬೇಕು. ತಾನು ಸೇರಿಸಿದ ಭಾವಮೈದುನ ಅದೇ ಠಾಣೆಗೆ ಬಂದು ತನ್ನ ಹೆಸರು ಬರೆಯಬಹುದು. ಹಾಗಾಗಿ ನಷ್ಟ ಮನೆಯೊಳಗೇ ಉಳಿಯುತ್ತದೆ. ಹಬ್ಬಕ್ಕೆ ಕರೆಯುವುದು ನಿಲ್ಲುತ್ತದೆ, ನಾಮಕರಣಕ್ಕೆ ಒಬ್ಬರು ಬಂದರೆ ಇನ್ನೊಬ್ಬರು ಬರುವುದಿಲ್ಲ. ಕಂಪನಿಯ ಮೇಲೆ ಹೋಗಬೇಕಾದ ಕೋಪ ಮನೆಬಾಗಿಲಿಗೆ ಬಂದ ಬಂಧುವಿನ ಮೇಲೆ ಹೋಗುತ್ತದೆ. "ದುರಾಸೆಗೆ ಬಿದ್ದರು" ಎಂದು ಊರು ತೀರ್ಪು ಕೊಡುವಾಗ, ಅಮ್ಮನಂತೆ ಆಸೆಯೇ ಇಲ್ಲದೆ ದುಡ್ಡು ಕೊಟ್ಟವರನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸರ್ಕಾರಿ ನೌಕರರಿಗೆ ಖಾಸಗಿ ವ್ಯಾಪಾರ ಮಾಡಲು ಸೇವಾ ನಿಯಮಗಳಲ್ಲಿ ಅವಕಾಶವಿಲ್ಲ. ಪತ್ನಿಯ ಹೆಸರಿನಲ್ಲಿ ಸೇರಿದ ಮೇಷ್ಟ್ರಿಗೆ ಬಾಯಿ ಬಿಡದಿರಲು ಇದೂ ಒಂದು ಕಾರಣವಾಗುತ್ತದೆ.

ಸರ್ಕಾರದ ನಿಲುವು ಸ್ಪಷ್ಟವಾಗಲು ಬಹಳ ವರ್ಷ ಹಿಡಿಯಿತು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2016ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿ, ಸೇರಲು ಶುಲ್ಕ ಪಡೆಯಬಾರದು, ಸೇರಿಸಿದ್ದಕ್ಕೆ ಹಣ ಕೊಡಬಾರದು ಎಂದಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ನೇರ ಮಾರಾಟದ ನಿಯಮಗಳು 2021ರ ಡಿಸೆಂಬರ್ ಕೊನೆಯಲ್ಲಿ ಪ್ರಕಟವಾದವು. ಪಿರಮಿಡ್ ಮತ್ತು ಹಣ ಚಲಾವಣೆ ಯೋಜನೆಗಳನ್ನು ಅವು ನಿಷೇಧಿಸುತ್ತವೆ, ಕಂಪನಿಗಳ ಮೇಲೆ ಕಣ್ಣಿಡುವ ವ್ಯವಸ್ಥೆ ಮಾಡುವ ಹೊಣೆಯನ್ನು ರಾಜ್ಯಗಳಿಗೆ ವಹಿಸುತ್ತವೆ. ಗುರುತಿನ ಚೀಟಿ ಇಲ್ಲದೆ, ಮೊದಲೇ ಒಪ್ಪಿಗೆ ಪಡೆಯದೆ ಮಾರಾಟಗಾರರು ಗ್ರಾಹಕರ ಮನೆಗೆ ಹೋಗಬಾರದೆಂಬ ನಿಯಮವೂ ಅದರಲ್ಲಿದೆ. ಒಳ್ಳೆಯ ನಿಯಮವೇ ಸರಿ, ಆದರೆ ನಮ್ಮಲ್ಲಿ ಮಾರಾಟಗಾರರಾಗಿ ಬರುವವರು ಚಿಕ್ಕಮ್ಮನೋ ಸೋದರಮಾವನೋ ಆಗಿರುವಾಗ ಬಾಗಿಲಲ್ಲಿ ನಿಲ್ಲಿಸಿ ಗುರುತಿನ ಚೀಟಿ ಕೇಳುವವರು ಯಾರು? 2022ರ ಏಪ್ರಿಲ್‌ನಲ್ಲಿ ಜಾರಿ ನಿರ್ದೇಶನಾಲಯ ಆಮ್‌ವೇಯ 757.77 ಕೋಟಿ ರೂಪಾಯಿ ಮೌಲ್ಯದ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡು, ಸರಕಿನ ನೆಪದಲ್ಲಿ ಪಿರಮಿಡ್ ವಂಚನೆ ನಡೆದಿದೆ ಎಂದು ಆರೋಪಿಸಿತು. ಇದು 2011ರಿಂದ ನಡೆದುಬಂದ ತನಿಖೆ, ನಾವು ಸಹಕರಿಸುತ್ತಿದ್ದೇವೆ ಎಂದು ಕಂಪನಿ ಪ್ರತಿಕ್ರಿಯಿಸಿತು. 1978ರ ಕಾಯಿದೆ ಎತ್ತಿದ ಪ್ರಶ್ನೆಯ ಮೇಲೆ 44 ವರ್ಷಗಳ ನಂತರವೂ ವಾದ ನಡೆಯುತ್ತಿತ್ತು.

ಈಗ ಮೀಟಿಂಗುಗಳು ಹೋಟೆಲಿನ ಹಾಲ್‌ಗಳಿಂದ ಮೊಬೈಲಿನ ಪರದೆಗೆ ಬಂದಿವೆ. ಕೋವಿಡ್ ಕಾಲದಲ್ಲಿ ಕೆಲಸ ಕಳೆದುಕೊಂಡ ಯುವಕರ ವಾಟ್ಸ್ಆ್ಯಪ್ ಸ್ಟೇಟಸ್‌ಗಳಲ್ಲಿ ಅದೇ ಸೊನ್ನೆಗಳು ಬಣ್ಣದ ಚಿತ್ರಗಳಾಗಿ ಮರಳಿದವು. ಹಳಬರು ಹುಷಾರಾಗಿದ್ದಾರೆ, ಆದರೆ ತಾವು ಸೋತ ಕಥೆಯನ್ನು ಮಕ್ಕಳಿಗೆ ಹೇಳಿದವರು ಕಡಿಮೆ. ಹಾಗಾಗಿ ಪ್ರತಿ ಹತ್ತು ವರ್ಷಕ್ಕೊಮ್ಮೆ ಈ ವ್ಯಾಪಾರಕ್ಕೆ ಏನೂ ಗೊತ್ತಿಲ್ಲದ ಹೊಸ ತಲೆಮಾರೊಂದು ಸಿಗುತ್ತಿದೆ.

ಚಿಕ್ಕಮ್ಮ ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾಗಿದ್ದವು. ಅಮ್ಮ ಒಂದು ದಿನವೂ ಆ ದುಡ್ಡಿನ ಮಾತೆತ್ತಿರಲಿಲ್ಲವಾದರೂ ಅವರಿಗೆ ಮುಖ ತೋರಿಸಲು ಸಂಕೋಚ. ಹೋದ ವರ್ಷ ಮಗಳ ಮದುವೆಗೆ ಕರೆಯಲು ಬಂದರು. ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ಲಗ್ನಪತ್ರಿಕೆ. ಅಮ್ಮ ಒಳಗೆ ಕರೆಯುವ ಮೊದಲೇ, ಹೊಸಿಲಾಚೆ ನಿಂತು ಅವರೇ ಹೇಳಿದರು: "ಅಕ್ಕಾ, ಮದುವೆಗೆ ಕರೆಯೋಕೆ ಮಾತ್ರ ಬಂದಿದ್ದೀನಿ. ಬೇರೆ ಏನೂ ಇಲ್ಲ."